ಅಧ್ಯಕ್ಷರನ್ನು ಆರಿಸುವುದು ಹೇಗೆ? ಹತ್ತಾರು ಪಕ್ಷಗಳಿರುವ ದೇಶಕ್ಕೆ ಯಾವ ನಿಯಮ ಒಗ್ಗುತ್ತದೆ

ಎಲ್ಲಾದರೂ ಸರ್ಕಾರ ಬಿದ್ದಾಗ ನಮ್ಮಲ್ಲಿ ಒಂದು ಮಾತು ಕೇಳಿಬರುತ್ತದೆ. ಅಮೆರಿಕದ ಹಾಗೆ ಅಧ್ಯಕ್ಷರನ್ನು ಜನರೇ ಆರಿಸುವಂತಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ ಅಂತ. ಹಾಗೆ ಹೇಳುವವರನ್ನು ನಾನು ಕೇಳುವುದು ಒಂದೇ ಪ್ರಶ್ನೆ: ಯಾವ ನಿಯಮದಲ್ಲಿ ಆರಿಸುತ್ತೀರಿ? ಅಮೆರಿಕದಲ್ಲಿ ಲೆಕ್ಕಕ್ಕೆ ಬರುವ ಪಕ್ಷಗಳು ಎರಡೇ. ಬ್ರೆಜಿಲ್, ಪೆರು, ಇಂಡೊನೇಷ್ಯಾ, ನೈಜೀರಿಯಾ, ಶ್ರೀಲಂಕಾದಂಥ ಕಡೆ ಹಾಗಿಲ್ಲ. ಅಲ್ಲಿ ಚುನಾವಣೆಯ ಒಂದು ಸಣ್ಣ ನಿಯಮ ಬದಲಾದರೂ ಅಧ್ಯಕ್ಷರ ಇಡೀ ಅವಧಿಯ ಹಣೆಬರಹವೇ ಬದಲಾಗುತ್ತದೆ.

ಮೊದಲು ಮೂಲ ವ್ಯತ್ಯಾಸ ನೋಡೋಣ. 2019ರ ಜುಲೈ 23ರಂದು ಕರ್ನಾಟಕ ವಿಧಾನಸಭೆಯಲ್ಲಿ ವಿಶ್ವಾಸಮತದ ಪರವಾಗಿ 99, ವಿರುದ್ಧವಾಗಿ 105 ಮತ ಬಿದ್ದವು. ಮುಖ್ಯಮಂತ್ರಿ ಕುಮಾರಸ್ವಾಮಿ ರಾಜೀನಾಮೆ ಕೊಟ್ಟರು. ಮೂರೇ ದಿನದಲ್ಲಿ ಬೇರೆ ಮುಖ್ಯಮಂತ್ರಿ ಬಂದರು. ಸದನದಲ್ಲಿ ಬಹುಮತ ಇಲ್ಲದಿದ್ದರೆ ಕುರ್ಚಿಯೂ ಇಲ್ಲ, ಸಂಸದೀಯ ಪದ್ಧತಿ ನಡೆಯುವುದೇ ಹೀಗೆ. ಅಧ್ಯಕ್ಷೀಯ ಪದ್ಧತಿಯಲ್ಲಿ ಹೀಗಾಗುವುದಿಲ್ಲ. ಅಧ್ಯಕ್ಷರಿಗೂ ಸಂಸತ್ತಿಗೂ ಜನ ಬೇರೆ ಬೇರೆಯಾಗಿ ಓಟು ಹಾಕಿರುತ್ತಾರೆ. ಇಬ್ಬರ ಅವಧಿಯೂ ನಿಗದಿಯಾಗಿರುತ್ತದೆ. ಸಂಸತ್ತಿನಲ್ಲಿ ಬಹುಮತ ಇಲ್ಲದಿದ್ದರೂ ಅಧ್ಯಕ್ಷರು ಕುರ್ಚಿಯಲ್ಲೇ ಇರುತ್ತಾರೆ. ಮಸೂದೆ ಪಾಸಾಗುವುದಿಲ್ಲ, ಬಜೆಟ್ ಸಿಕ್ಕಿಹಾಕಿಕೊಳ್ಳುತ್ತದೆ, ಆದರೆ ಇಬ್ಬರೂ ಕದಲುವ ಹಾಗಿಲ್ಲ. ಈ ಹಗ್ಗಜಗ್ಗಾಟ ಮುಗಿಯುವ ದಾರಿಗಳು ಒಳ್ಳೆಯವಲ್ಲ. ವಾಗ್ದಂಡನೆ (ಅಂದರೆ ಆರೋಪ ಹೊರಿಸಿ ಅಧ್ಯಕ್ಷರನ್ನು ಸಂಸತ್ತೇ ತೆಗೆಯುವುದು), ಸಂಸತ್ತಿನ ವಿಸರ್ಜನೆ, ಕೆಲವೊಮ್ಮೆ ಸೇನೆ.

ಹಾಗಾಗಿ ಯಾವುದೇ ನಿಯಮವನ್ನು ಅಳೆಯುವಾಗ ಎರಡು ಪ್ರಶ್ನೆ ಇಟ್ಟುಕೊಳ್ಳಿ. ಗೆದ್ದವರ ಹಿಂದೆ ನಿಜವಾಗಿ ಎಷ್ಟು ಜನ ಇದ್ದಾರೆ? ಗೆದ್ದ ಮೇಲೆ ಸಂಸತ್ತಿನಲ್ಲಿ ಅವರ ಜೊತೆ ನಿಲ್ಲುವವರು ಯಾರು? ಹೆಚ್ಚಿನ ಚರ್ಚೆಗಳು ಮೊದಲ ಪ್ರಶ್ನೆಯಲ್ಲೇ ಮುಗಿದುಹೋಗುತ್ತವೆ. ನನ್ನ ಪ್ರಕಾರ ಎರಡನೆಯದೇ ದೊಡ್ಡದು.

ಯಾರಿಗೆ ಜಾಸ್ತಿ ಓಟೋ ಅವರೇ ಅಧ್ಯಕ್ಷರು

ಇದು ನಮಗೆ ಚೆನ್ನಾಗಿ ಗೊತ್ತಿರುವ ನಿಯಮ. ನಮ್ಮ ಶಾಸಕರು, ಸಂಸದರು ಗೆಲ್ಲುವುದೇ ಹೀಗೆ. ಒಂದೇ ಸುತ್ತು, ಒಂದೇ ಎಣಿಕೆ, ಖರ್ಚು ಕಡಿಮೆ. ಮೆಕ್ಸಿಕೊ, ಫಿಲಿಪ್ಪೀನ್ಸ್, ದಕ್ಷಿಣ ಕೊರಿಯಾ ಇದನ್ನೇ ಇಟ್ಟುಕೊಂಡಿವೆ.

ತೊಂದರೆ ಏನೆಂದು ಕೊರಿಯಾದ 1987ರ ಚುನಾವಣೆ ತೋರಿಸುತ್ತದೆ. ಸೇನೆಯ ಆಡಳಿತದ ವಿರುದ್ಧ ಜನ ಬೀದಿಗಿಳಿದು ನೇರ ಚುನಾವಣೆಯ ಹಕ್ಕು ಪಡೆದಿದ್ದರು. ಆದರೆ ವಿರೋಧ ಪಕ್ಷದ ಇಬ್ಬರು ದೊಡ್ಡ ನಾಯಕರು, ಕಿಮ್ ಯಂಗ್ ಸ್ಯಾಮ್ ಮತ್ತು ಕಿಮ್ ಡೇ ಜಂಗ್, ಒಬ್ಬರಿಗೊಬ್ಬರು ಬಿಟ್ಟುಕೊಡಲಿಲ್ಲ. ಇಬ್ಬರೂ ನಿಂತರು. ಇಬ್ಬರ ಓಟು ಸೇರಿದರೆ ಅರ್ಧಕ್ಕಿಂತ ಜಾಸ್ತಿ ಆಗುತ್ತಿತ್ತು. ಗೆದ್ದದ್ದು ಹಳೆಯ ಸೇನಾ ಆಡಳಿತದ ಕಡೆಯವರಾದ ರೋ ತೇ ವೂ, ಶೇ 36.6 ಓಟಿನಿಂದ. ಮರುವರ್ಷ ಸಂಸತ್ ಚುನಾವಣೆಯಲ್ಲಿ ಅವರ ಪಕ್ಷಕ್ಕೆ 299ರಲ್ಲಿ 125 ಸೀಟು ಮಾತ್ರ ಬಂತು. ಕೊನೆಗೆ 1990ರಲ್ಲಿ ಮೂರು ಪಕ್ಷಗಳನ್ನು ಒಂದಾಗಿ ವಿಲೀನ ಮಾಡಿ ಬಹುಮತ ಮಾಡಿಕೊಂಡರು. ಆ ಮೂರರಲ್ಲಿ ಒಂದು ಕಿಮ್ ಯಂಗ್ ಸ್ಯಾಮ್ ಅವರ ಪಕ್ಷ! ವಿರೋಧಕ್ಕೆಂದು ಓಟು ಹಾಕಿದವರ ಓಟು ಆಳುವವರ ಲೆಕ್ಕಕ್ಕೆ ಸೇರಿಹೋಯಿತು.

ಫಿಲಿಪ್ಪೀನ್ಸ್‌ನಲ್ಲಿ 1992ರಲ್ಲಿ ಏಳು ಜನ ಕಣದಲ್ಲಿದ್ದರು. ಫಿಡೆಲ್ ರಾಮೋಸ್ ಸುಮಾರು ಶೇ 23.6 ಓಟಿಗೆ ಅಧ್ಯಕ್ಷರಾದರು. ಅಲ್ಲಿ ಗೆದ್ದ ಅಧ್ಯಕ್ಷರ ಕಡೆಗೆ ಸದಸ್ಯರು ಸಾಲುಗಟ್ಟಿ ಹಾರುವುದು ಮಾಮೂಲು. ಹಾಗಾಗಿ ಸಂಸತ್ತಿನಲ್ಲಿ ಬಹುಮತ ಸಿಗುತ್ತದೆ ನಿಜ. ಆದರೆ ಓಟು ಹಾಕಿದವನು ಆರಿಸಿದ ಪಕ್ಷಕ್ಕೆ ಬೆಲೆಯೇ ಉಳಿಯುವುದಿಲ್ಲ. ಮೆಕ್ಸಿಕೊದಲ್ಲಿ 2006ರಲ್ಲಿ ಫೆಲಿಪೆ ಕಾಲ್ದೆರಾನ್ ಗೆದ್ದಾಗ ಮೊದಲ ಇಬ್ಬರ ನಡುವೆ ಇದ್ದದ್ದು ಶೇ 0.6ಕ್ಕಿಂತ ಕಡಿಮೆ ಅಂತರ. ಗೆದ್ದವರಿಗೂ ಶೇ 36 ದಾಟಿರಲಿಲ್ಲ. ಸೋತ ಲೋಪೆಜ್ ಒಬ್ರಡೋರ್ ಫಲಿತಾಂಶ ಒಪ್ಪಲಿಲ್ಲ, ಅವರ ಬೆಂಬಲಿಗರು ರಾಜಧಾನಿಯ ಮುಖ್ಯ ರಸ್ತೆಯನ್ನೇ ವಾರಗಟ್ಟಲೆ ತಡೆದು ಕುಳಿತರು.

ಈ ನಿಯಮಕ್ಕೂ ಒಂದು ಒಳ್ಳೆಯ ಗುಣ ಇದೆ, ಅದನ್ನು ಮರೆಯಬಾರದು. ಒಂದೇ ಅವಕಾಶ ಇರುವುದರಿಂದ ಪಕ್ಷಗಳು ಚುನಾವಣೆಗೆ ಮುಂಚೆಯೇ ಕೈ ಜೋಡಿಸಬೇಕಾಗುತ್ತದೆ. ಕೊರಿಯಾದಲ್ಲೇ 1997ರ ಹೊತ್ತಿಗೆ ಕಿಮ್ ಡೇ ಜಂಗ್ ಪಾಠ ಕಲಿತಿದ್ದರು. ತಮ್ಮ ಹಳೆಯ ಎದುರಾಳಿ ಕಿಮ್ ಜಾಂಗ್ ಪಿಲ್ ಜೊತೆ ಒಪ್ಪಂದ ಮಾಡಿಕೊಂಡು ಗೆದ್ದರು. ಇಡೀ ದೇಶದಲ್ಲಿ ಎರಡು ಮೂರು ದೊಡ್ಡ ಬಣ ಮಾತ್ರ ಇದ್ದರೆ ಈ ನಿಯಮ ಕೆಲಸ ಮಾಡುತ್ತದೆ. ಏಳೆಂಟು ಪಕ್ಷ ಇದ್ದರೆ ಇದು ಜೂಜು.

ಇಲ್ಲಿ ಚಿಲಿಯ ಕಥೆಯನ್ನು ಹೇಳಲೇಬೇಕು. 1970ರಲ್ಲಿ ಸಾಲ್ವಡಾರ್ ಅಯೆಂದೆ ಅವರಿಗೆ ಸುಮಾರು ಶೇ 36.6, ಹೋರ್ಹೆ ಅಲೆಸ್ಸಾಂದ್ರಿ ಅವರಿಗೆ ಶೇ 35.3, ಮೂರನೆಯ ರಾದೊಮಿರೊ ತೋಮಿಚ್ ಅವರಿಗೆ ಶೇ 28ರಷ್ಟು ಓಟು ಬಂತು. ಯಾರಿಗೂ ಅರ್ಧ ಬರದಿದ್ದರೆ ಮೊದಲ ಇಬ್ಬರಲ್ಲಿ ಒಬ್ಬರನ್ನು ಸಂಸತ್ತು ಆರಿಸಬೇಕು ಎಂಬ ನಿಯಮ ಇತ್ತು. ಮೊದಲು ಬಂದವರನ್ನೇ ಒಪ್ಪುವುದು ರೂಢಿ. 1958ರಲ್ಲಿ ಇದೇ ಅಲೆಸ್ಸಾಂದ್ರಿ ಮೂರನೇ ಒಂದಕ್ಕೂ ಕಡಿಮೆ ಓಟಿನಲ್ಲಿ ಹಾಗೆಯೇ ಅಧ್ಯಕ್ಷರಾಗಿದ್ದರು. ತೋಮಿಚ್ ಅವರ ಕ್ರಿಶ್ಚಿಯನ್ ಡೆಮಾಕ್ರಟಿಕ್ ಪಕ್ಷ ಕೆಲವು ಸಾಂವಿಧಾನಿಕ ಭರವಸೆಗಳನ್ನು ಬರೆಸಿಕೊಂಡು ಅಯೆಂದೆ ಪರ ಮತ ಹಾಕಿತು. ಬೆಂಬಲ ಅಲ್ಲಿಗೇ ನಿಂತಿತು. ಮುಂದಿನ ಮೂರು ವರ್ಷ ಸಂಸತ್ತಿನ ಬಹುಮತ ಅವರ ವಿರುದ್ಧವೇ ಇತ್ತು. 1973ರ ಮಾರ್ಚ್‌ನ ಸಂಸತ್ ಚುನಾವಣೆಯೂ ಗಂಟನ್ನು ಬಿಡಿಸಲಿಲ್ಲ. ಸೆಪ್ಟೆಂಬರ್ 11ಕ್ಕೆ ಸೇನೆ ದಂಗೆ ಎದ್ದಿತು. ಆ ದಂಗೆಗೆ ಚುನಾವಣಾ ನಿಯಮವೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಅಮೆರಿಕದ ಕೈವಾಡ, ಆರ್ಥಿಕ ಕುಸಿತ, ಬೀದಿಯ ಹಿಂಸೆ ಎಲ್ಲ ಇದ್ದವು. ಆದರೆ ಜಗಳ ಬಿಡಿಸಿಕೊಳ್ಳಲು ಸಂವಿಧಾನದೊಳಗೆ ಸುಲಭದ ದಾರಿ ಇರಲಿಲ್ಲ ಎಂಬುದು ಸತ್ಯ.

ಎರಡು ಸುತ್ತು: ದೊಡ್ಡ ಅಂಕಿ, ಸಣ್ಣ ಬಲ

ಚಿಲಿಯ ಅನುಭವದ ನಂತರ ಲ್ಯಾಟಿನ್ ಅಮೆರಿಕದ ಹೆಚ್ಚಿನ ದೇಶಗಳು ಎರಡು ಸುತ್ತಿನ ಕಡೆಗೆ ಹೊರಳಿದವು. ಮೊದಲ ಸುತ್ತಿನಲ್ಲಿ ಯಾರಿಗೂ ಅರ್ಧಕ್ಕಿಂತ ಜಾಸ್ತಿ ಬರದಿದ್ದರೆ ಮೊದಲ ಇಬ್ಬರ ನಡುವೆ ಮತ್ತೆ ಚುನಾವಣೆ. ಗೆದ್ದವರು 'ನನಗೆ ಬಹುಮತ ಇದೆ' ಎಂದು ಧೈರ್ಯವಾಗಿ ಹೇಳಬಹುದು. ಬಹುಪಾಲು ಜನ ದ್ವೇಷಿಸುವ ಅಭ್ಯರ್ಥಿ ಓಟು ಒಡೆದ ಕಾರಣಕ್ಕೇ ಗೆದ್ದುಬಿಡುವ ಅಪಾಯ ತಪ್ಪುತ್ತದೆ. ಇದು ಸಣ್ಣ ಲಾಭವಲ್ಲ.

ಆದರೆ ಇದರ ಒಳಗಿನ ಲೆಕ್ಕ ನೋಡಿ. ಮೊದಲ ಸುತ್ತಿನಲ್ಲಿ ಎಲ್ಲರೂ ನಿಲ್ಲಬಹುದು. ಇನ್ನೊಂದು ಸುತ್ತು ಇದೆಯಲ್ಲ, ಈಗ ನನ್ನ ಬಲ ತೋರಿಸಿ ಆಮೇಲೆ ಚೌಕಾಸಿ ಮಾಡೋಣ ಅಂತ ಸಣ್ಣ ಪಕ್ಷಗಳೂ ನಿಲ್ಲುತ್ತವೆ. ಓಟು ಚೂರುಚೂರಾಗುತ್ತದೆ. ಹೆಚ್ಚಿನ ದೇಶಗಳಲ್ಲಿ ಸಂಸತ್ತನ್ನು ಆರಿಸುವುದೂ ಇದೇ ಮೊದಲ ಸುತ್ತಿನ ದಿನ! ಅಂದರೆ ಅಧ್ಯಕ್ಷರ ಬಹುಮತ ಎರಡನೇ ಸುತ್ತಿನಲ್ಲಿ ಹುಟ್ಟುತ್ತದೆ, ಸಂಸತ್ತು ಮಾತ್ರ ಮೊದಲ ಸುತ್ತಿನ ಚೂರುಗಳಲ್ಲೇ ನಿಂತುಬಿಡುತ್ತದೆ.

ಪೆರು ದೇಶಕ್ಕೆ ಇದರ ಏಟು ಬಿದ್ದಷ್ಟು ಬೇರೆ ಯಾರಿಗೂ ಬಿದ್ದಿಲ್ಲ. 2016ರ ಮೊದಲ ಸುತ್ತಿನಲ್ಲಿ ಕೈಕೊ ಫುಜಿಮೊರಿಗೆ ಸುಮಾರು ಶೇ 40, ಪೆದ್ರೊ ಪಾಬ್ಲೊ ಕುಚಿನ್ಸ್ಕಿಗೆ ಶೇ 21. ಎರಡನೇ ಸುತ್ತಿನಲ್ಲಿ ಕುಚಿನ್ಸ್ಕಿ ಕೂದಲೆಳೆಯ ಅಂತರದಲ್ಲಿ ಗೆದ್ದರು, ಸುಮಾರು 41 ಸಾವಿರ ಓಟು ಅಷ್ಟೇ. ಆದರೆ 130 ಸೀಟಿನ ಸಂಸತ್ತಿನಲ್ಲಿ ಕೈಕೊ ಅವರ ಪಕ್ಷಕ್ಕೆ ಆಗಲೇ 73 ಸೀಟು ಬಂದಿತ್ತು. ಅಧ್ಯಕ್ಷರ ಪಕ್ಷಕ್ಕೆ 18. ಪೆರುವಿನ ಸಂವಿಧಾನದಲ್ಲಿ 'ಶಾಶ್ವತ ನೈತಿಕ ಅಸಾಮರ್ಥ್ಯ' ಎಂಬ ಕಾರಣ ಕೊಟ್ಟು ಅಧ್ಯಕ್ಷರನ್ನು ತೆಗೆಯಬಹುದು, ಆಗ 87 ಮತ ಸಾಕಿತ್ತು. ಆ ಮಾತಿಗೆ ಅರ್ಥ ಏನು ಎಂದು ತೀರ್ಮಾನಿಸುವುದೂ ಸಂಸತ್ತೇ. ಕುಚಿನ್ಸ್ಕಿ 2018ರಲ್ಲಿ ರಾಜೀನಾಮೆ ಕೊಟ್ಟರು. ನಂತರ ಬಂದ ಮಾರ್ಟಿನ್ ವಿಸ್ಕಾರಾ 2019ರಲ್ಲಿ ಸಂಸತ್ತನ್ನು ವಿಸರ್ಜಿಸಿದರು, 2020ರಲ್ಲಿ ಹೊಸ ಸಂಸತ್ತು ಅವರನ್ನೇ ತೆಗೆಯಿತು. ಅವರ ಜಾಗಕ್ಕೆ ಬಂದವರು ವಾರವೂ ಉಳಿಯಲಿಲ್ಲ.

2021ರಲ್ಲಿ ಇನ್ನೂ ಕೆಟ್ಟಿತು. ಮೊದಲ ಸುತ್ತಿನಲ್ಲಿ ಮುಂದಿದ್ದ ಹಳ್ಳಿ ಶಾಲೆಯ ಮೇಷ್ಟ್ರು ಪೆದ್ರೊ ಕಾಸ್ತಿಯೊಗೆ ಬಂದದ್ದು ಶೇ 18.9. ಎರಡನೆಯವರಾದ ಕೈಕೊಗೆ ಶೇ 13.4. ಮೂವರು ಮತದಾರರಲ್ಲಿ ಇಬ್ಬರು ಈ ಇಬ್ಬರನ್ನೂ ಬೇಡವೆಂದಿದ್ದರು. ಆದರೂ ಎರಡನೇ ಸುತ್ತಿನಲ್ಲಿ ಇವರಿಬ್ಬರೇ. ಕಾಸ್ತಿಯೊ ಶೇ 50.1ರಲ್ಲಿ ಗೆದ್ದರು. ಅವರನ್ನು ನಿಲ್ಲಿಸಿದ ಪಕ್ಷಕ್ಕೆ ಸಂಸತ್ತಿನಲ್ಲಿದ್ದದ್ದು 37 ಸೀಟು. 2022ರ ಡಿಸೆಂಬರ್ 7ರಂದು ಅವರು ಸಂಸತ್ತನ್ನು ವಿಸರ್ಜಿಸುತ್ತೇನೆ ಎಂದು ಘೋಷಿಸಿದರು. ಅದೇ ದಿನ ಸಂಸತ್ತು ಅವರನ್ನು ತೆಗೆಯಿತು, ಅದೇ ದಿನ ಬಂಧನವೂ ಆಯಿತು.

ಶೇ 50.1 ಎಂಬ ಅಂಕಿ ನೋಡಿ ಇದನ್ನು ಜನಾದೇಶ ಎನ್ನಬೇಕಾ? ಕಾಸ್ತಿಯೊಗೆ ನಿಜವಾಗಿ ಇದ್ದ ಬಲ ಆ ಶೇ 19. ಉಳಿದದ್ದು ಕೈಕೊ ಬೇಡ ಎಂದ ಓಟು. ಎರಡು ಸುತ್ತಿನ ನಿಯಮ ಬೇಡದವರನ್ನು ಹೊರಗಿಡುವ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಆಳಲು ಬೇಕಾದ ಬಲವನ್ನು ಅದು ಕೊಡಲಾರದು.

ಇದನ್ನು ತಡೆದುಕೊಂಡು ನಡೆಸಿದ ದೇಶ ಬ್ರೆಜಿಲ್. 2002ರಲ್ಲಿ ಲೂಲಾ ಎರಡನೇ ಸುತ್ತಿನಲ್ಲಿ ಶೇ 61 ಓಟು ಪಡೆದರು. ಕೆಳಮನೆಯ 513 ಸೀಟಿನಲ್ಲಿ ಅವರ ಪಕ್ಷಕ್ಕೆ ಬಂದದ್ದು 91. ಆದರೂ ಎಂಟು ವರ್ಷ ಆಳಿದರು. ಹೇಗೆ ಅಂದರೆ ಮಂತ್ರಿಗಿರಿ ಹಂಚಿ, ಬಜೆಟ್ ಹಣ ಹಂಚಿ, ಆರೇಳು ಪಕ್ಷಗಳ ಮೈತ್ರಿ ಕಟ್ಟಿ. ಅಲ್ಲಿ ಇದನ್ನು 'ಮೈತ್ರಿ ಅಧ್ಯಕ್ಷಗಿರಿ' ಎಂದೇ ಕರೆಯುತ್ತಾರೆ. ಇದರ ಕರಾಳ ಮುಖವೂ ಹೊರಬಂತು. ಸದಸ್ಯರಿಗೆ ತಿಂಗಳು ತಿಂಗಳು ದುಡ್ಡು ಕೊಟ್ಟು ಮತ ಕೊಂಡ ಹಗರಣ 2005ರಲ್ಲಿ ಸ್ಫೋಟವಾಯಿತು. 2016ರಲ್ಲಿ ಮೈತ್ರಿ ಒಡೆದಾಗ ಲೂಲಾ ನಂತರ ಅಧ್ಯಕ್ಷರಾಗಿದ್ದ ದಿಲ್ಮಾ ರೂಸೆಫ್ ವಾಗ್ದಂಡನೆಗೆ ಒಳಗಾಗಿ ಹುದ್ದೆ ಕಳೆದುಕೊಂಡರು. ಅಲ್ಲಿ ಅಧ್ಯಕ್ಷರ ಕೈಯಲ್ಲಿ ಸುಗ್ರೀವಾಜ್ಞೆಯಂಥ ಅಧಿಕಾರ, ಬಜೆಟ್ ಮೇಲೆ ಹಿಡಿತ ಇದ್ದದ್ದರಿಂದ ಹಂಚಲು ಏನೋ ಒಂದು ಇತ್ತು. ಪೆರುವಿನಲ್ಲಿ ಪಕ್ಷಗಳೇ ನಾಲ್ಕು ದಿನದ ಅಂಗಡಿ, ಒಪ್ಪಂದ ಮಾಡಿಕೊಂಡರೂ ಪಾಲಿಸುವವರು ಇರಲಿಲ್ಲ. ಹಾಗಾಗಿ ಒಂದೇ ನಿಯಮ ಎರಡು ಕಡೆ ಬೇರೆ ಬೇರೆ ಫಲ ಕೊಟ್ಟಿತು.

ನಡುವಿನ ದಾರಿ: 40 ಸಾಕು ಎನ್ನುವವರು

ಎರಡು ಸುತ್ತು ಇರಲಿ, ಆದರೆ ಸುಲಭಕ್ಕೆ ಬೇಡ ಎನ್ನುವ ನಿಯಮ ಇದು. ಕೋಸ್ಟರಿಕಾದಲ್ಲಿ ಶೇ 40 ದಾಟಿದರೆ ಮೊದಲ ಸುತ್ತಿನಲ್ಲೇ ಗೆಲುವು. 1949ರ ಸಂವಿಧಾನ ಬಂದ ಮೇಲೆ ಎರಡನೇ ಸುತ್ತು ಬೇಕಾದದ್ದು 2002ರಲ್ಲೇ ಮೊದಲು. ಅರ್ಧ ಶತಮಾನ ಈ ಗುರಿ ಪಕ್ಷಗಳನ್ನು ಎರಡು ದೊಡ್ಡ ಬಣಗಳಾಗಿ ಹಿಡಿದಿಟ್ಟಿತ್ತು. ಶೇ 40 ಕೈಗೆಟಕುವ ಗುರಿ, ಅದಕ್ಕಾಗಿ ಒಟ್ಟಾಗಿ ಇರುವುದು ಲಾಭ.

ಅರ್ಜೆಂಟೀನಾ 1994ರಲ್ಲಿ ಇನ್ನೊಂದು ಸೂತ್ರ ತಂದಿತು. ಶೇ 45 ದಾಟಿದರೆ ಗೆಲುವು. ಇಲ್ಲವೇ ಶೇ 40 ಬಂದು ಎರಡನೆಯವರಿಗಿಂತ 10 ಅಂಶ ಮುಂದಿದ್ದರೂ ಗೆಲುವು. ನನಗೆ ಈ ಸೂತ್ರ ಇಷ್ಟ, ಯಾಕೆಂದರೆ ಅಂತರಕ್ಕೂ ಬೆಲೆ ಕೊಡುತ್ತದೆ. ಶೇ 41ಕ್ಕೆ 40 ಎಂಬ ಜಿದ್ದಾಜಿದ್ದಿ ಇದ್ದರೆ ಮತ್ತೆ ಕೇಳಬೇಕು. ಶೇ 43ಕ್ಕೆ 27 ಇದ್ದರೆ ಮತ್ತೆ ಯಾಕೆ ಕೇಳಬೇಕು, ಅಲ್ವಾ?

ಆದರೆ ಪಕ್ಷಗಳೇ ಚೂರಾದ ಮೇಲೆ ಈ ಸೂತ್ರವೂ ಕಾಪಾಡದು. 2003ರಲ್ಲಿ ಅರ್ಜೆಂಟೀನಾದಲ್ಲಿ ಕಾರ್ಲೋಸ್ ಮೆನೆಮ್‌ಗೆ ಶೇ 24, ನೆಸ್ಟರ್ ಕಿರ್ಚ್ನರ್‌ಗೆ ಶೇ 22 ಬಂತು. ಸೋಲು ಖಚಿತ ಎಂದು ಗೊತ್ತಾಗಿ ಮೆನೆಮ್ ಎರಡನೇ ಸುತ್ತಿನಿಂದ ಹಿಂದೆ ಸರಿದರು. ಕಿರ್ಚ್ನರ್ ಶೇ 22 ಓಟಿನ ಅಧ್ಯಕ್ಷರಾಗಬೇಕಾಯಿತು. 2023ರಲ್ಲಿ ಹಾವಿಯೆರ್ ಮಿಲೇ ಮೊದಲ ಸುತ್ತಿನಲ್ಲಿ ಶೇ 30, ಎರಡನೆಯದರಲ್ಲಿ ಶೇ 55.7 ಪಡೆದರು. 257 ಸೀಟಿನ ಕೆಳಮನೆಯಲ್ಲಿ ಅವರ ಕಡೆಯವರು ಆಗ 40 ಜನವೂ ಇರಲಿಲ್ಲ. ಕೋಸ್ಟರಿಕಾದಲ್ಲಿ 2022ರಲ್ಲಿ ಮೊದಲ ಸುತ್ತಿನಲ್ಲಿ ಶೇ 17ರಷ್ಟು ಪಡೆದು ಎರಡನೇ ಸ್ಥಾನದಲ್ಲಿದ್ದ ರೊಡ್ರಿಗೊ ಚಾವೆಸ್ ಗೆದ್ದರು, 57ರಲ್ಲಿ 10 ಸೀಟಿನ ಜೊತೆ.

ಸಂಸತ್ತೇ ಅಧ್ಯಕ್ಷರನ್ನು ಆರಿಸುವ ಹಳೆಯ ಬೊಲಿವಿಯಾದ ದಾರಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. 1989ರಲ್ಲಿ ಅಲ್ಲಿ ಮೂರನೇ ಸ್ಥಾನಕ್ಕೆ ಬಂದಿದ್ದ ಹೈಮೆ ಪಾಸ್ ಸಮೋರಾ ಎರಡನೇ ಸ್ಥಾನದವರ ಬೆಂಬಲದಿಂದ ಅಧ್ಯಕ್ಷರಾದರು. ಸಂಸತ್ತಿನಲ್ಲಿ ಮೈತ್ರಿ ಮೊದಲೇ ಸಿದ್ಧವಾಗಿರುವುದು ಇದರ ದೊಡ್ಡ ಲಾಭ. ಜನ ಮಾತ್ರ 'ನಾವು ಓಟು ಹಾಕಿದ್ದು ಯಾಕೆ' ಎಂದು ಕೇಳುತ್ತಾರೆ. 2009ರ ಸಂವಿಧಾನ ಈ ದಾರಿ ಬಿಟ್ಟು ಎರಡನೇ ಸುತ್ತು ತಂದಿತು.

1, 2, 3 ಎಂದು ಬರೆಯುವ ಶ್ರೀಲಂಕಾ

ನಮ್ಮ ವಿಧಾನ ಪರಿಷತ್ತಿನ ಪದವೀಧರ ಅಥವಾ ಶಿಕ್ಷಕರ ಕ್ಷೇತ್ರದಲ್ಲಿ ಓಟು ಹಾಕಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಹೆಸರಿನ ಮುಂದೆ ಪ್ರಾಶಸ್ತ್ಯದ ಅಂಕಿ ಬರೆಯಬೇಕು. ನಮ್ಮ ರಾಷ್ಟ್ರಪತಿ ಚುನಾವಣೆಯೂ ಹೀಗೆಯೇ. ಹಿಂದೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ವಿ.ವಿ. ಗಿರಿ 1969ರಲ್ಲಿ ಗೆದ್ದದ್ದು ಎರಡನೇ ಪ್ರಾಶಸ್ತ್ಯದ ಮತಗಳನ್ನು ಎಣಿಸಿದ ಮೇಲೆ.

ಶ್ರೀಲಂಕಾದಲ್ಲಿ ಮತದಾರರು ಮೂವರ ತನಕ ಗುರುತು ಮಾಡಬಹುದು. ಮೊದಲ ಎಣಿಕೆಯಲ್ಲಿ ಯಾರಿಗೂ ಅರ್ಧ ಬರದಿದ್ದರೆ ಮೊದಲ ಇಬ್ಬರನ್ನು ಉಳಿಸಿಕೊಂಡು ಬಾಕಿ ಮತಪತ್ರಗಳಲ್ಲಿ ಈ ಇಬ್ಬರಿಗೆ ಎರಡನೇ, ಮೂರನೇ ಪ್ರಾಶಸ್ತ್ಯ ಇದೆಯಾ ಎಂದು ನೋಡುತ್ತಾರೆ. ಇನ್ನೊಂದು ಚುನಾವಣೆಯ ಖರ್ಚಿಲ್ಲ. ನಡುವೆ ಚೌಕಾಸಿಗೆ, ಗಲಭೆಗೆ ವಾರಗಳ ಸಮಯ ಇಲ್ಲ. 1982ರಿಂದ ನಡೆದ ಚುನಾವಣೆಗಳಲ್ಲಿ ಈ ಎರಡನೇ ಎಣಿಕೆ ಬೇಕಾದದ್ದು 2024ರ ಸೆಪ್ಟೆಂಬರ್‌ನಲ್ಲಿ ಮೊದಲ ಸಲ. ಅನುರ ಕುಮಾರ ದಿಸ್ಸನಾಯಕೆಗೆ ಶೇ 42.3, ಸಜಿತ್ ಪ್ರೇಮದಾಸಗೆ ಶೇ 32.8 ಬಂದಿತ್ತು.

ಎರಡನೇ ಎಣಿಕೆ ಮುಗಿದಾಗ ಕಂಡದ್ದನ್ನು ಗಮನಿಸಬೇಕು. ದಿಸ್ಸನಾಯಕೆ ಅವರ ಲೆಕ್ಕ 56.3 ಲಕ್ಷದಿಂದ 57.4 ಲಕ್ಷಕ್ಕೆ ಏರಿತು, ಅಷ್ಟೇ. ಒಟ್ಟು ಸಿಂಧು ಮತ 1.33 ಕೋಟಿ. ಅಂದರೆ ಕೊನೆಗೂ ಅರ್ಧ ಮುಟ್ಟಲಿಲ್ಲ. ಮೂರನೆಯವರಿಗೆ, ನಾಲ್ಕನೆಯವರಿಗೆ ಓಟು ಹಾಕಿದ ಹೆಚ್ಚಿನವರು ಎರಡನೇ ಗುರುತು ಮಾಡಿರಲೇ ಇಲ್ಲ. ನಿಯಮ ಪುಸ್ತಕದಲ್ಲಿ ಇದ್ದರೆ ಸಾಲದು, ಜನ ಬಳಸಬೇಕು. ಇದನ್ನು ತರುವ ದೇಶ ಮತದಾರರಿಗೆ ಹೇಳಿಕೊಡಲು ವರ್ಷಗಟ್ಟಲೆ ಕೆಲಸ ಮಾಡಬೇಕು. ಅಷ್ಟು ಮಾಡಿದರೆ ಇದರಷ್ಟು ಅಗ್ಗದ, ಶಾಂತವಾದ ದಾರಿ ಬೇರೆ ಇಲ್ಲ ಎಂದು ನನಗೆ ಅನಿಸುತ್ತದೆ.

ಬರೀ ಓಟು ಸಾಲದು, ಊರೂರಲ್ಲಿ ಬೇಕು

ಜನಾಂಗ, ಧರ್ಮ, ಭಾಷೆಯ ಮೇಲೆ ಓಟು ಬೀಳುವ ದೇಶದಲ್ಲಿ ಒಂದು ದೊಡ್ಡ ಗುಂಪಿನ ನಾಯಕ ಬೇರೆಯವರ ಮನೆ ಬಾಗಿಲಿಗೇ ಹೋಗದೆ ಗೆಲ್ಲಬಹುದು. ಇದನ್ನು ತಡೆಯಲು ನೈಜೀರಿಯಾ 1979ರಲ್ಲಿ ಒಂದು ಷರತ್ತು ಹಾಕಿತು. ಅತಿ ಹೆಚ್ಚು ಓಟು ಬರಬೇಕು, ಜೊತೆಗೆ ಮೂರನೇ ಎರಡರಷ್ಟು ರಾಜ್ಯಗಳಲ್ಲಿ ಕಾಲು ಭಾಗವಾದರೂ ಓಟು ಬರಬೇಕು. ಆಗ ಇದ್ದದ್ದು 19 ರಾಜ್ಯ. 19ರ ಮೂರನೇ ಎರಡು ಅಂದರೆ ಹನ್ನೆರಡೂ ಮುಕ್ಕಾಲರ ಹತ್ತಿರ! ಶೇಹು ಶಗಾರಿ 12 ರಾಜ್ಯದಲ್ಲಿ ಷರತ್ತು ಪೂರೈಸಿದ್ದರು, 13ನೆಯದರಲ್ಲಿ ಇಲ್ಲ. 13ನೇ ರಾಜ್ಯದಲ್ಲಿ ಕಾಲು ಭಾಗದ ಮೂರನೇ ಎರಡು ಸಾಕು ಎಂದು ಚುನಾವಣಾ ಆಯೋಗ ಲೆಕ್ಕ ಹಾಕಿತು. ಅವರ ಎದುರಾಳಿ ಒಬಾಫೆಮಿ ಅವೊಲೊವೊ ಸುಪ್ರೀಂ ಕೋರ್ಟ್‌ಗೆ ಹೋದರು, ಸೋತರು. ಆ ಸರ್ಕಾರ ಹುಟ್ಟುವಾಗಲೇ ಅನುಮಾನ ಹೊತ್ತುಕೊಂಡಿತು. ಈಗ 36 ರಾಜ್ಯ ಇರುವುದರಿಂದ ಭಾಗಾಕಾರ ಸರಿಯಾಗಿ ಹೋಗುತ್ತದೆ.

ಈ ಷರತ್ತು ಅಧ್ಯಕ್ಷರ ಓಟನ್ನು ಅಗಲ ಮಾಡುತ್ತದೆ, ಎತ್ತರ ಮಾಡಬೇಕೆಂದಿಲ್ಲ. 2023ರಲ್ಲಿ ಬೋಲಾ ತಿನುಬು ಗೆದ್ದದ್ದು ಶೇ 37ಕ್ಕಿಂತ ಕಡಿಮೆ ಓಟಿನಲ್ಲಿ. ಕೀನ್ಯಾ 2010ರ ಸಂವಿಧಾನದಲ್ಲಿ ಎರಡನ್ನೂ ಸೇರಿಸಿತು: ಅರ್ಧಕ್ಕಿಂತ ಜಾಸ್ತಿ ಓಟು, ಜೊತೆಗೆ 47 ಕೌಂಟಿಗಳಲ್ಲಿ 24ರಲ್ಲಿ ಕಾಲು ಭಾಗ. 2007ರ ಚುನಾವಣೆಯ ನಂತರ ಸಾವಿರಕ್ಕೂ ಹೆಚ್ಚು ಜನ ಸತ್ತ ದೇಶ ಅದು, ಅವರ ಎಚ್ಚರ ಅರ್ಥವಾಗುತ್ತದೆ. ಇಂಡೊನೇಷ್ಯಾದಲ್ಲೂ ಅರ್ಧಕ್ಕಿಂತ ಜಾಸ್ತಿ ಓಟಿನ ಜೊತೆ ಅರ್ಧಕ್ಕಿಂತ ಹೆಚ್ಚು ಪ್ರಾಂತ್ಯಗಳಲ್ಲಿ ಶೇ 20 ಬೇಕು. ಬಹು ಜನಾಂಗದ ದೊಡ್ಡ ದೇಶಕ್ಕೆ ಈ ಷರತ್ತು ಬೇಕೇ ಬೇಕು ಎಂಬುದು ನನ್ನ ನಿಲುವು. ಬರೆಯುವಾಗ ಭಾಗಾಕಾರವನ್ನು ಮೊದಲೇ ಮಾಡಿ ನೋಡಬೇಕು.

ಕ್ಯಾಲೆಂಡರ್: ಯಾರೂ ಗಮನಿಸದ ದೊಡ್ಡ ನಿಯಮ

ಇಷ್ಟು ಹೊತ್ತು ಅಧ್ಯಕ್ಷರ ಓಟಿನ ಬಗ್ಗೆ ಮಾತಾಡಿದೆವು. ಸಂಸತ್ತಿನ ಚುನಾವಣೆ ಯಾವಾಗ ನಡೆಯುತ್ತದೆ ಎಂಬುದು ಅದಕ್ಕಿಂತ ಹೆಚ್ಚು ಪರಿಣಾಮ ಬೀರುತ್ತದೆ.

ಅಧ್ಯಕ್ಷರು ಗೆದ್ದ ಕೂಡಲೇ ಸಂಸತ್ ಚುನಾವಣೆ ಬಂದರೆ ಗೆಲುವಿನ ಅಲೆ ಅಲ್ಲೂ ಹರಿಯುತ್ತದೆ. ಶ್ರೀಲಂಕಾದ 2024 ಇದಕ್ಕೆ ಕಣ್ಣೆದುರಿನ ಸಾಕ್ಷಿ. ದಿಸ್ಸನಾಯಕೆ ಅವರ ಕೂಟಕ್ಕೆ ಹಳೆಯ ಸಂಸತ್ತಿನಲ್ಲಿದ್ದದ್ದು 3 ಸೀಟು. ಸೆಪ್ಟೆಂಬರ್‌ನಲ್ಲಿ ಗೆದ್ದರು, ಕೂಡಲೇ ಸಂಸತ್ತನ್ನು ವಿಸರ್ಜಿಸಿದರು, ನವೆಂಬರ್ 14ಕ್ಕೆ ಚುನಾವಣೆ ಆಯಿತು. 225ರಲ್ಲಿ 159 ಸೀಟು! ಶೇ 42ರ ಅಧ್ಯಕ್ಷರಿಗೆ ಎರಡೇ ತಿಂಗಳಲ್ಲಿ ಮೂರನೇ ಎರಡರಷ್ಟು ಬಹುಮತ. ನಿಯಮ ಇಷ್ಟು ಬಲ ಕೊಡಬಲ್ಲದು. ಅಪಾಯವೂ ಅಲ್ಲೇ ಇದೆ. ಎಲ್ ಸಾಲ್ವಡಾರ್‌ನಲ್ಲಿ ನಯೀಬ್ ಬುಕೆಲೆ ಅವರ ಪಕ್ಷ ಜನಪ್ರಿಯತೆಯ ಅಲೆಯಲ್ಲೇ 2021ರ ಸಂಸತ್ ಚುನಾವಣೆ ಗೆದ್ದಿತು, 84ರಲ್ಲಿ 56. ಹೊಸ ಸಂಸತ್ತು ಸೇರಿದ ಮೊದಲ ದಿನವೇ ಸಂವಿಧಾನ ಪೀಠದ ನ್ಯಾಯಮೂರ್ತಿಗಳನ್ನು ತೆಗೆದುಹಾಕಿತು.

ಅವಧಿಯ ನಡುವೆ ಸಂಸತ್ ಚುನಾವಣೆ ಬಂದರೆ ಬೇಸರದ ಓಟು ಬೀಳುತ್ತದೆ. ಕೊರಿಯಾದಲ್ಲಿ ಅಧ್ಯಕ್ಷರ ಅವಧಿ ಐದು ವರ್ಷ, ಸಂಸತ್ತಿನದು ನಾಲ್ಕು. ಹಾಗಾಗಿ ದಿನಾಂಕಗಳು ಕೂಡುವುದೇ ಅಪರೂಪ. ಯೂನ್ ಸುಕ್ ಯೋಲ್ 2022ರಲ್ಲಿ ಶೇ 0.73 ಅಂತರದಲ್ಲಿ ಗೆದ್ದರು. 2024ರ ಏಪ್ರಿಲ್‌ನಲ್ಲಿ ವಿರೋಧಿ ಡೆಮಾಕ್ರಟಿಕ್ ಪಕ್ಷಕ್ಕೆ 300ರಲ್ಲಿ 175 ಸೀಟು ಬಂತು. ಮುಂದಿನ ಮೂರು ವರ್ಷ ಇದೇ ಪಾಡು ಎಂಬುದು ಆಗಲೇ ಖಚಿತವಾಯಿತು. ಡಿಸೆಂಬರ್ 3ರ ರಾತ್ರಿ ಅವರು ಸೇನಾ ಕಾನೂನು ಘೋಷಿಸಿದರು. ಆ ತಪ್ಪು ಪೂರ್ತಿ ಅವರದೇ, ಕ್ಯಾಲೆಂಡರ್ ಮೇಲೆ ಹಾಕುವ ಹಾಗಿಲ್ಲ. ಸಂಸತ್ತು ಅದೇ ರಾತ್ರಿ ಸೇರಿ ಅದನ್ನು ರದ್ದು ಮಾಡುವಂತೆ ಮತ ಹಾಕಿದ್ದು, 2025ರ ಏಪ್ರಿಲ್ 4ರಂದು ಸಾಂವಿಧಾನಿಕ ನ್ಯಾಯಾಲಯ ಅವರನ್ನು ಹುದ್ದೆಯಿಂದ ತೆಗೆದದ್ದು ಆ ದೇಶದ ಭಾಗ್ಯ. ಆದರೂ ಇಬ್ಬರ ಅವಧಿಯೂ ಒಂದೇ ಇದ್ದಿದ್ದರೆ ಈ ಬಿಗಿ ಇಷ್ಟಾಗುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ.

ಮೂರನೆಯದು ಒಂದೇ ದಿನ ಎರಡೂ ಚುನಾವಣೆ. ಬ್ರೆಜಿಲ್ 1989ರಲ್ಲಿ ಅಧ್ಯಕ್ಷರನ್ನು ಮಾತ್ರ ಆರಿಸಿತು. ಗೆದ್ದ ಫರ್ನಾಂಡೊ ಕಾಲರ್ ಅವರಿಗೆ ಸಂಸತ್ತಿನಲ್ಲಿ ಹೆಸರಿಗೊಂದು ಸಣ್ಣ ಪಕ್ಷ, 1992ರಲ್ಲಿ ವಾಗ್ದಂಡನೆ. 1994ರಿಂದ ಎಲ್ಲ ಒಟ್ಟಿಗೆ ನಡೆಯುತ್ತದೆ. ಇಂಡೊನೇಷ್ಯಾ 2019ರಲ್ಲಿ ಒಟ್ಟಿಗೆ ಸೇರಿಸಿತು. ಒಬ್ಬೊಬ್ಬ ಮತದಾರರ ಕೈಗೆ ಐದು ಮತಪತ್ರದ ತನಕ ಕೊಟ್ಟು, ರಾತ್ರಿಯೆಲ್ಲ ಕೈಯಲ್ಲೇ ಎಣಿಸಿ, ಆಯಾಸಕ್ಕೆ ನೂರಾರು ಮತಗಟ್ಟೆ ಸಿಬ್ಬಂದಿ ಪ್ರಾಣ ಬಿಟ್ಟರು. ನಮ್ಮಲ್ಲಿ 'ಒಂದು ದೇಶ ಒಂದು ಚುನಾವಣೆ' ಬಗ್ಗೆ ಮಾತಾಡುವವರು ಇದನ್ನು ಓದಬೇಕು. ಆದರೆ ಒಂದು ವ್ಯತ್ಯಾಸ ನೆನಪಿರಲಿ. ನಮ್ಮಲ್ಲಿ ಸರ್ಕಾರ ನಡುವೆ ಬೀಳಬಹುದಾದ್ದರಿಂದ ದಿನಾಂಕ ಮತ್ತೆ ತಪ್ಪುತ್ತದೆ. ನಿಗದಿತ ಅವಧಿಯ ಅಧ್ಯಕ್ಷೀಯ ಪದ್ಧತಿಯಲ್ಲಿ ಆ ತೊಡಕಿಲ್ಲ.

ಸಂಸತ್ತಿನ ಸೀಟು ಹಂಚುವ ರೀತಿ

ಬ್ರೆಜಿಲ್‌ನಲ್ಲಿ ಇಡೀ ರಾಜ್ಯವೇ ಒಂದು ಕ್ಷೇತ್ರ. ಸಣ್ಣ ರಾಜ್ಯಕ್ಕೆ 8 ಸೀಟು, ಸಾವೊ ಪೌಲೊಗೆ 70. ಓಟಿನ ಅನುಪಾತಕ್ಕೆ ಸೀಟು. ಮತದಾರರು ಅಭ್ಯರ್ಥಿಯ ಹೆಸರಿಗೇ ಓಟು ಹಾಕಬಹುದು. ಹಾಗಾಗಿ ಒಬ್ಬ ಅಭ್ಯರ್ಥಿಗೆ ತನ್ನ ಪಕ್ಷದ ಇನ್ನೊಬ್ಬನೇ ಎದುರಾಳಿ. ಪಕ್ಷಕ್ಕಿಂತ ಸ್ವಂತ ಹೆಸರು ದೊಡ್ಡದಾಗುತ್ತದೆ. 2018ರಲ್ಲಿ 30 ಪಕ್ಷಗಳು ಕೆಳಮನೆಗೆ ಬಂದವು, ಎಲ್ಲಕ್ಕಿಂತ ದೊಡ್ಡ ಪಕ್ಷಕ್ಕೆ 513ರಲ್ಲಿ 56 ಸೀಟು. 2017ರಲ್ಲೇ ತಿದ್ದುಪಡಿ ಮಾಡಿ, ಕನಿಷ್ಠ ಓಟು ಬರದ ಪಕ್ಷಕ್ಕೆ ಸರ್ಕಾರಿ ಹಣವೂ ಟಿವಿ ಸಮಯವೂ ಇಲ್ಲ ಎಂದಿದ್ದರು. ಆ ಮಿತಿ ಚುನಾವಣೆಯಿಂದ ಚುನಾವಣೆಗೆ ಏರುತ್ತದೆ. ಅನುಪಾತದ ಸೀಟಿಗಾಗಿ ಮಾಡಿಕೊಳ್ಳುವ ಮೈತ್ರಿಯನ್ನೂ ನಿಷೇಧಿಸಿದರು. 2022ರಲ್ಲಿ ಪಕ್ಷಗಳ ಸಂಖ್ಯೆ 23ಕ್ಕೆ ಇಳಿಯಿತು. ಯಾರ ಓಟಿನ ಹಕ್ಕನ್ನೂ ಕಿತ್ತುಕೊಳ್ಳದೆ, ನಿಧಾನವಾಗಿ, ಮೊದಲೇ ತಿಳಿಸಿ ಮಾಡಿದ ಬದಲಾವಣೆ. ಇದು ನನಗೆ ತುಂಬ ಹಿಡಿಸಿತು.

ಇನ್ನೊಂದು ತುದಿ ಚಿಲಿಯದು. ಸರ್ವಾಧಿಕಾರಿ ಪಿನೊಚೆ ಬಿಟ್ಟುಹೋದ ನಿಯಮದಲ್ಲಿ ಪ್ರತಿ ಕ್ಷೇತ್ರಕ್ಕೆ ಎರಡೇ ಸೀಟು. ಎರಡೂ ಬೇಕಾದರೆ ಎರಡನೇ ಬಣದ ಎರಡು ಪಟ್ಟು ಓಟು ಬೇಕು. ಹಾಗಾಗಿ ಹೆಚ್ಚಿನ ಕಡೆ ಎರಡು ಬಣಕ್ಕೂ ಒಂದೊಂದು. ಅಧ್ಯಕ್ಷರಿಗೆ ಗಟ್ಟಿ ಮೈತ್ರಿ ಸಿಕ್ಕಿತು, 1990ರಿಂದ 20 ವರ್ಷ ಒಂದೇ ಕೂಟ ಆಳಿತು. ಆದರೆ ಹೊಸಬರಿಗೆ ಬಾಗಿಲು ಮುಚ್ಚಿತ್ತು. ಜನ ರೋಸಿಹೋದರು. 2015ರಲ್ಲಿ ಆ ನಿಯಮ ಹೋಯಿತು. ಸ್ಥಿರತೆಗಾಗಿ ಜನರನ್ನೇ ಹೊರಗಿಟ್ಟರೆ ಅದರ ಬಡ್ಡಿ ಆಮೇಲೆ ಕಟ್ಟಬೇಕಾಗುತ್ತದೆ.

ಅಧ್ಯಕ್ಷ ಸ್ಥಾನಕ್ಕೆ ನಿಲ್ಲುವುದಕ್ಕೇ ಮಿತಿ ಹಾಕುವ ದಾರಿಯೂ ಇದೆ. ಇಂಡೊನೇಷ್ಯಾದಲ್ಲಿ ಶೇ 20 ಸೀಟು ಅಥವಾ ಶೇ 25 ಓಟು ಇರುವ ಪಕ್ಷ ಇಲ್ಲವೇ ಕೂಟ ಮಾತ್ರ ಅಭ್ಯರ್ಥಿ ಹಾಕಬಹುದಿತ್ತು. 2014ರಲ್ಲೂ 2019ರಲ್ಲೂ ಕಣದಲ್ಲಿ ಇಬ್ಬರೇ, ಎರಡೂ ಸಲ ಅದೇ ಇಬ್ಬರು. ದೇಶ ಎರಡಾಗಿ ಒಡೆದು ನಿಂತಿತು. 2025ರ ಜನವರಿಯಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಈ ಮಿತಿಯನ್ನು ತೆಗೆದುಹಾಕಿತು. ಸರಿಯಾದ ತೀರ್ಪು.

ಉಪಾಧ್ಯಕ್ಷರ ವಿಷಯ ಒಂದೇ ಮಾತಿನದು. ಅವರನ್ನು ಬೇರೆಯಾಗಿ ಆರಿಸಬೇಡಿ. ಬ್ರೆಜಿಲ್‌ನಲ್ಲಿ 1961ರಲ್ಲಿ ಜಾನಿಯೊ ಕ್ವಾದ್ರೋಸ್ ದಿಢೀರನೆ ರಾಜೀನಾಮೆ ಕೊಟ್ಟಾಗ ಎದುರು ಬಣದ ಜೊವಾವ್ ಗುಲಾರ್ಟ್ ಅಧ್ಯಕ್ಷರಾಗಬೇಕಾಯಿತು. ಸೇನೆ ಒಪ್ಪಲಿಲ್ಲ, ಅಧಿಕಾರ ಕಡಿತ ಮಾಡಿ ಕೂರಿಸಿದರು, 1964ರಲ್ಲಿ ದಂಗೆಯೇ ಆಯಿತು. ಫಿಲಿಪ್ಪೀನ್ಸ್ ಇನ್ನೂ ಇದೇ ತಪ್ಪನ್ನು ಇಟ್ಟುಕೊಂಡಿದೆ.

ಹಾಗಾದರೆ ಯಾವುದನ್ನು ಆರಿಸಬೇಕು

ಎರಡು ಮೂರು ಗಟ್ಟಿ ಬಣ ಇರುವ ದೇಶಕ್ಕೆ ಅರ್ಜೆಂಟೀನಾದ ಸೂತ್ರ ಸಾಕು. ಸಂಸತ್ ಚುನಾವಣೆ ಅದೇ ದಿನ ಇರಲಿ. ಬಣಗಳು ಒಡೆಯದ ಹಾಗೆ ಶೇ 40ರ ಗುರಿ ನೋಡಿಕೊಳ್ಳುತ್ತದೆ.

ಏಳೆಂಟು ಪಕ್ಷ ಇದ್ದು, ಓದು ಬರಹ ಚೆನ್ನಾಗಿದ್ದು, ಚುನಾವಣಾ ಆಯೋಗದ ಮೇಲೆ ಜನರಿಗೆ ನಂಬಿಕೆ ಇದ್ದರೆ ಶ್ರೀಲಂಕಾದ ಪ್ರಾಶಸ್ತ್ಯದ ಮತ. ಎರಡು ಸುತ್ತಿಗಿಂತ ಇದನ್ನೇ ನಾನು ಮುಂದಿಡುತ್ತೇನೆ. ಸಣ್ಣ ಪಕ್ಷದ ಬೆಂಬಲಿಗರ ಎರಡನೇ ಗುರುತು ಬೇಕಾದ್ದರಿಂದ ದೊಡ್ಡ ಪಕ್ಷ ಮೊದಲ ದಿನದಿಂದಲೇ ಅವರ ಜೊತೆ ಮರ್ಯಾದೆಯಿಂದ ಮಾತಾಡಬೇಕು. ಆ ಮಾತುಕತೆಯೇ ಮುಂದೆ ಸಂಸತ್ತಿನ ಮೈತ್ರಿಗೆ ಬುನಾದಿ.

ಜನಾಂಗಗಳ ನಡುವೆ ಅಪನಂಬಿಕೆ ಇರುವ ಕಡೆ ಪ್ರಾಂತ್ಯವಾರು ಷರತ್ತು ಬಿಡಲೇಬೇಡಿ, ಮೇಲೆ ಯಾವ ಸೂತ್ರ ಇದ್ದರೂ ಸರಿ.

ಪೆರುವಿನ ಹಾಗೆ ಪಕ್ಷಗಳೇ ಕರಗಿಹೋಗಿದ್ದರೆ ಅಧ್ಯಕ್ಷರ ಓಟಿನ ನಿಯಮ ಬದಲಿಸಿ ಪ್ರಯೋಜನ ಇಲ್ಲ. ಅಲ್ಲಿ ಮೊದಲು ಮುಟ್ಟಬೇಕಾದದ್ದು ಬೇರೆ ಎರಡು. ಅಧ್ಯಕ್ಷರನ್ನು ತೆಗೆಯುವ ಕಾರಣಗಳನ್ನು ಸ್ಪಷ್ಟವಾಗಿ ಬರೆಯಬೇಕು. ಮತ್ತು ಸಂಸತ್ ಚುನಾವಣೆಯನ್ನು ಮೊದಲ ಸುತ್ತಿನಿಂದ ಬಿಡಿಸಿ ಎರಡನೇ ಸುತ್ತಿನ ದಿನಕ್ಕೆ ಹಾಕಬೇಕು. ಕೊನೆಯ ಇಬ್ಬರು ಯಾರು ಎಂದು ಗೊತ್ತಾದ ಮೇಲೆ ಸಂಸತ್ತಿಗೆ ಓಟು ಹಾಕುವ ಮತದಾರ, ಗೆಲ್ಲುವವರಿಗೆ ಕೆಲಸ ಮಾಡಲು ಎಷ್ಟು ಬಲ ಕೊಡಬೇಕು, ಎಷ್ಟು ಕಡಿವಾಣ ಹಾಕಬೇಕು ಎಂದು ಯೋಚಿಸಿ ಹಾಕಬಹುದು. 2016ರಲ್ಲಿ ಪೆರುವಿನ ಮತದಾರರಿಗೆ ಆ ಅವಕಾಶ ಇದ್ದಿದ್ದರೆ, ಕೈಕೊ ಬೇಡವೆಂದು ಕುಚಿನ್ಸ್ಕಿಗೆ ಓಟು ಹಾಕಿದ ಅರ್ಧ ದೇಶ ಅದೇ ಕೈಯಿಂದ ಕೈಕೊ ಪಕ್ಷಕ್ಕೆ 73 ಸೀಟು ಕೊಡುತ್ತಿರಲಿಲ್ಲ.